ಹಿಡಿಯುವುದಷ್ಟೇ ಕಲಿತ ಬಲೆ

ನಾನೊಂದು ಮೀನಿನ ಬಲೆ. ನನ್ನ ಮೈಯಲ್ಲಿ ದಾರಕ್ಕಿಂತ ತೂತೇ ಹೆಚ್ಚು. ಹಾಗಾಗಿ ನನ್ನ ಕಥೆಯಲ್ಲಿ ಒಂದೆರಡು ಕಡೆ ಏನಾದರೂ ಜಾರಿಹೋಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ದೊಡ್ಡದೆಲ್ಲ ಸಿಕ್ಕಿಕೊಂಡಿದೆ, ಅದನ್ನು ಹೇಳುತ್ತೇನೆ.

ಹುಟ್ಟಿದ್ದು ಯಂತ್ರದ ಬಾಯಲ್ಲಿ, ತಮಿಳುನಾಡಿನ ಕಡೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ನೈಲಾನ್ ದಾರ ಒಂದು ಕಡೆ ಒಳಹೋಗಿ ಇನ್ನೊಂದು ಕಡೆ ನಾನಾಗಿ ಹೊರಬರುತ್ತಿತ್ತು. ಅಲ್ಲಿ ಒಬ್ಬಳು ಹೆಂಗಸು ದಿನವಿಡೀ ನಿಂತು ತಪ್ಪಿದ ಗಂಟು ಹುಡುಕುತ್ತಿದ್ದಳು. ನನ್ನಲ್ಲಿ ಒಂದೂ ಸಿಗಲಿಲ್ಲವೆಂದು ಅವಳಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಆಮೇಲೆ ಕಟ್ಟು ಕಟ್ಟಿ ಹಡಗಿಗೆ ಹಾಕಿದರು. ಮೊದಲ ಸಲ ಸಮುದ್ರ ದಾಟಿದಾಗ ನನ್ನ ಮೈಗೆ ಒಂದು ಹನಿ ನೀರೂ ತಾಗಲಿಲ್ಲ.

ಇಳಿದದ್ದು ಕೊಲ್ಲಿಯ ಒಂದು ಸಣ್ಣ ಮೀನುಬಂದರಿನಲ್ಲಿ. ಅಲ್ಲಿ ದಣಿಯನ್ನು ಅರಬಾಬು ಎನ್ನುತ್ತಾರೆ. ನಮ್ಮ ಅರಬಾಬು ನನ್ನನ್ನು ಅಂಗಡಿಯಿಂದ ತಂದು ತನ್ನ ದೋಣಿಯ ಮೂವರ ಎದುರು ಇಳಿಸಿ ಹೋದ. ಆ ಮೂವರೂ ನಮ್ಮ ಉತ್ತರ ಕನ್ನಡದವರು. ತಾಂಡೇಲ, ಅಂದರೆ ದೋಣಿ ನಡೆಸುವವನು, ಕುಮಟಾ ಕಡೆಯ ಜಟ್ಟಪ್ಪ ಹರಿಕಂತ್ರ. ಐವತ್ತು ದಾಟಿದವನು. ಅವನ ಹೆಂಡತಿಯ ತಮ್ಮ ಪರಮಯ್ಯ, ಬಲೆ ಕಟ್ಟುವುದರಲ್ಲಿ, ಹರಿದದ್ದು ಹೆಣೆಯುವುದರಲ್ಲಿ ಕೈ ಪಳಗಿದವನು. ಇಂಜಿನ್ ನೋಡುವವನು ಮಂಕಿ ಊರಿನ ಮಕ್ತುಂ ಸಾಬ.

ನನ್ನ ಮೇಲಂಚಿಗೆ ತೇಲುಬೆಂಡು, ಕೆಳಗಂಚಿಗೆ ಸೀಸದ ಗುಂಡು ಕಟ್ಟಿದವನು ಪರಮಯ್ಯ. ನನ್ನನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಎಳೆದು ಹಿಡಿದು ಗಂಟು ಹಾಕುತ್ತಿದ್ದ. ಹಾಗಾಗಿ ನಾನು ನಮ್ಮವರನ್ನು ಮೊದಲು ಅರಿತದ್ದೇ ಕಾಲ ಕಡೆಯಿಂದ.

"ಭಾವಾ, ಇದ್ರ ಕಣ್ಣು ದೊಡ್ಡದಾಯ್ತು. ಸಣ್ಣ ಮೀನೆಲ್ಲಾ ನಮಸ್ಕಾರ ಮಾಡಿ ದಾಟ್ಕಂಡು ಹೋಗ್ತವೆ," ಎಂದ.

"ಸಣ್ಣದು ಹೋಗ್ಲಿ ಬಿಡಾ. ನಿನ್ನಂಥಾ ದೊಡ್ಡ ಮಂಡೆ ಸಿಕ್ಕಿದ್ರೆ ಸಾಕು," ಎಂದ ಜಟ್ಟಪ್ಪ.

"ಇವ್ನ ಮಂಡೆ ಮಾರ್ಕೆಟಲ್ಲಿ ಹೋಗುದಿಲ್ಲ ತಾಂಡೇಲ್ರೇ. ಒಡೆದು ನೋಡಿದ್ರೆ ಒಳಗೆ ಎಂತದೂ ಇಲ್ಲ," ಎಂದ ಮಕ್ತುಂ ಸಾಬ, ಇಂಜಿನ್ನಿನಿಂದ ತಲೆ ಎತ್ತದೆ.

ಹೀಗೆ ನಾಲ್ಕು ವರ್ಷ ಕಳೆಯಿತು. ನಾನು ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತಿದ್ದೆ, ಅರ್ಧ ಮೈಲು ಉದ್ದ. ಇಸವಾಣ ಮೀನು ಓಡಿಬಂದು ನನ್ನ ಕಣ್ಣಿಗೆ ತಲೆ ಹಾಕುತ್ತಿತ್ತು. ತಲೆ ಹೋದದ್ದು ಹೋಯಿತು, ಹಿಂದೆ ಬರುವ ದಾರಿ ಇಲ್ಲ. ನನಗೆ ಬರುವ ವಿದ್ಯೆ ಅದೊಂದೇ.

ಆ ನೀರಿನಲ್ಲಿ ನನಗಿದ್ದ ಭಯವೆಂದರೆ ಹಡಗು. ಎಣ್ಣೆ ತುಂಬಿದ ದೊಡ್ಡ ದೊಡ್ಡ ಹಡಗುಗಳು ಆ ದಾರಿಯಲ್ಲೇ ಹೋಗಬೇಕು. ಒಂದು ನನ್ನ ಮೇಲೆ ಹಾದರೆ ಸಾಕು, ಅರ್ಧ ಮೈಲು ಬಲೆ ಅದರ ಪಂಖಕ್ಕೆ ಸುತ್ತಿಕೊಂಡು ಹೋಗುತ್ತದೆ. ಅದಕ್ಕೆ ನಮ್ಮವರು ಒಂದು ಉಪಾಯ ಮಾಡುತ್ತಿದ್ದರು. ಹಡಗು ಬಲೆಯ ಕಡೆ ಬಂತೆಂದರೆ ದೋಣಿಯನ್ನು ಅದರ ಮುಖಕ್ಕೇ ಬಿಡುವುದು, ಜೋರಾಗಿ, ನೇರವಾಗಿ. ಒಬ್ಬ ಎದ್ದು ನಿಂತು ಲುಂಗಿ ಬಿಚ್ಚಿ ಬೀಸುವುದು. ಮೇಲಿನವರು ನೋಡಿ ಭೋಂ ಎಂದು ಹಾರನ್ ಹೊಡೆಯುತ್ತಾರೆ, ಬೈದುಕೊಂಡು ಸ್ವಲ್ಪ ತಿರುಗುತ್ತಾರೆ. ಊರಲ್ಲೂ ಹೀಗೇ ಮಾಡಿದವರು, ಇಲ್ಲೂ ಹೀಗೇ ಮಾಡಿದರು. ಹಾರನ್ ಕೇಳಿತೆಂದರೆ ಬಲೆ ಉಳಿಯಿತು ಎಂದೇ ಅರ್ಥ.

"ಎಷ್ಟೇ ದೊಡ್ಡ ಹಡಗಾದ್ರೂ ಮೇಲೆ ನಿಂತಂವ ಮನ್ಶನೇ. ಮನ್ಶ ಕಂಡ್ರೆ ಮನ್ಶ ತಿರುಗ್ತಾನೆ," ಎನ್ನುತ್ತಿದ್ದ ಜಟ್ಟಪ್ಪ. ಮೂವತ್ತು ವರ್ಷ ಸಮುದ್ರ ಮಾಡಿದವನ ಮಾತು.

ಆಮೇಲೆ ಇರಾನಿನ ಯುದ್ಧ ಶುರುವಾಯಿತು.

ಎದುರು ದಡವೇ ಇರಾನು. ಗಾಳಿ ತಿಳಿಯಾದ ದಿನ ಅದರ ಗುಡ್ಡಗಳು ನಮ್ಮ ದೋಣಿಗೆ ಕಾಣುತ್ತವೆ. ಮೊದಲ ದಿನ ಮಕ್ತುಂ ಸಾಬನ ಮೊಬೈಲಿನಲ್ಲಿ ಕೋಟು ತೊಟ್ಟ ಒಬ್ಬ ಮನುಷ್ಯ ನಕ್ಷೆಯ ಮೇಲೆ ಕೋಲಿಟ್ಟು ಮಾತಾಡಿದ. ಮೇಲಿನಿಂದ ಹೊಡೆದರೆ ಎಂಟು ದಿನದಲ್ಲಿ ಅವರು ಕೈ ಎತ್ತುತ್ತಾರಂತೆ, ಎಲ್ಲ ಲೆಕ್ಕ ಹಾಕಿ ಆಗಿದೆಯಂತೆ.

"ಈ ಕೋಲಿನಂವ ಒಂದು ದಿನಾದ್ರೂ ಈ ನೀರಿಗೆ ಬಂದವ್ನಾ ಕೇಳು," ಎಂದ ಜಟ್ಟಪ್ಪ. "ಹಡಗಿನ ದಾರಿ ಇರುದೇ ಅವ್ರ ಮನೆ ಬಾಗ್ಲಲ್ಲಿ. ಪೆಟ್ಟು ತಿಂದಂವ ಬಾಗ್ಲು ಹಾಕ್ತಾನೆ. ಅದ್ಕೆ ಎಂಟು ದಿನ ಯಾಕೆ ಬೇಕು, ಒಂದು ಸಂಜೆ ಸಾಕು."

ಹಾಗೇ ಆಯಿತು. ಕೋಟಿನವನ ಲೆಕ್ಕದಲ್ಲಿ ಆ ಬಾಗಿಲು ಇರಲೇ ಇಲ್ಲವೋ ಏನೋ. ಎಣ್ಣೆ ಹಡಗುಗಳು ಎಮ್ಮೆಗಳ ಹಾಗೆ ಸಾಲಾಗಿ ನಿಂತುಬಿಟ್ಟವು. ಎಂಟನೆಯ ದಿನ ಬಂತು, ಹದಿನೆಂಟನೆಯ ದಿನವೂ ಬಂತು. ಬಂದರಿನ ಐಸ್ ಕಾರ್ಖಾನೆ ನಿಂತಿತು. ಹೋಟೆಲುಗಳು ಮುಚ್ಚಿದ್ದರಿಂದ ಮೀನು ಕೇಳುವವರಿಲ್ಲ. ವಿಮಾನ ಇಲ್ಲ. ಅರಬಾಬು ಮನೆಮಂದಿಯನ್ನು ಕರೆದುಕೊಂಡು ಎಲ್ಲಿಗೋ ಹೋದವನು ಫೋನ್ ಎತ್ತಲಿಲ್ಲ. ನಮ್ಮ ಮೂವರ ಪಾಸ್‌ಪೋರ್ಟು ಅವನ ಕಪಾಟಿನಲ್ಲಿ. ಅವರಿಗಿದ್ದ ಚೀಟಿ ಬಂದರಿನ ಗೇಟಿನ ಒಳಗೆ ಮಾತ್ರ ನಡೆಯುವಂಥದ್ದು. ಹೊರಗೆ ಕಾಲಿಡುವ ಹಾಗಿಲ್ಲ. ಮೂವರೂ ದೋಣಿಯಲ್ಲೇ ಮಲಗಿದರು.

ಊರಿನಿಂದ ಜಟ್ಟಪ್ಪನ ಹೆಂಡತಿ ಮಾದೇವಿ ಫೋನ್ ಮಾಡಿದಾಗ ಅಲ್ಲೂ ಅದೇ ಕಥೆ. "ಗ್ಯಾಸು ಬರುದಿಲ್ಲಾ ಅಂದ್ರು. ಮತ್ತೆ ಮೂರು ಕಲ್ಲು ಹೂಡಿದೆ. ಡೀಸೆಲ್ಲಿಲ್ಲಾ ಅಂತ ತದಡಿ ಬಂದ್ರಲ್ಲಿ ಬೋಟೆಲ್ಲಾ ಕಟ್ಟಿ ಹಾಕಿದ್ರು. ನೀವು ಅಲ್ಲಿ ಹೊಡ್ಕಂಡ್ರೆ ನಮ್ಮ ಒಲೆ ಯಾಕೆ ಆರ್ತದೆ ಹೇಳಿ?"

"ನಾನು ಯಾರಿಗೂ ಹೊಡೀಲಿಲ್ಲ ಮಾರಾಯ್ತಿ," ಎಂದ ಜಟ್ಟಪ್ಪ.

ಬಂದರಿನ ಒಳಗೆ ಒಬ್ಬ ಮಲಯಾಳಿಯ ಅಂಗಡಿಯಿತ್ತು. ಅವನ ಹತ್ತಿರ ಅಕ್ಕಿ ಉಳಿದಿತ್ತು, ಮೀನು ತಂದವರಿಗೆ ಅಕ್ಕಿ ಅಳೆದು ಕೊಡುತ್ತಿದ್ದ. ಅಲ್ಲಿಗೆ ಜಟ್ಟಪ್ಪನಿಗೆ ಉಳಿದದ್ದು ಒಂದೇ ಚಿಂತೆ: ವಿಮಾನ ಹಾರುವವರೆಗೆ ಮೂವರೂ ಉಸಿರಾಡಿಕೊಂಡಿರಬೇಕು. ಅದಕ್ಕೆ ಅಕ್ಕಿ ಬೇಕು, ಅಕ್ಕಿಗೆ ಮೀನು ಬೇಕು, ಮೀನಿಗೆ ನಾನು. ನನ್ನನ್ನು ಅವರು ಅಷ್ಟು ಜೋಪಾನ ಮಾಡಿದ್ದು ಹಿಂದೆಂದೂ ಇಲ್ಲ. ಪರಮಯ್ಯ ಒಂದೊಂದು ಕಣ್ಣನ್ನೂ ಮುಟ್ಟಿ ನೋಡುತ್ತಿದ್ದ. ಹೊಸ ದಾರ ಬರುವುದು ನಿಂತಿತ್ತು. ತನ್ನ ಮೀನುಗಾಳದ ದಾರ ಬಿಚ್ಚಿ ನನಗೆ ಹಾಕಿದ. "ನೀನು ಹೋದ್ರೆ ನಾವು ಹೋದ ಹಾಗೇ ಕಾಣು," ಎಂದು ನನಗೇ ಹೇಳಿದ. ಅವನಿಗೆ ಹಾಗೆ ಬಲೆಯ ಸಂಗಡ ಮಾತಾಡುವ ರೂಢಿ.

ಮೂವತ್ತಾರನೆಯ ದಿನ ಬೆಳಿಗ್ಗೆ, ಉಳಿದಿದ್ದ ಒಂದು ಕ್ಯಾನು ಪೆಟ್ರೋಲು ಹಾಕಿಕೊಂಡು ಹೊರಟರು. ಗಾಳಿಯಲ್ಲಿ ಮರಳು ತುಂಬಿ ಆಕಾಶ, ನೀರು ಎಲ್ಲ ಒಂದೇ ಬಣ್ಣ. ಎರಡು ಗಂಟೆಯ ಹೊತ್ತಿಗೆ ನನ್ನಲ್ಲಿ ಎಂಟು ಇಸವಾಣ ಸಿಕ್ಕಿದ್ದವು. ವಾರದ ಅಕ್ಕಿ ಆಯಿತು ಎಂದು ನಾನು ಹಿಗ್ಗುತ್ತಿರುವಾಗಲೇ ನೀರು ನಡುಗಿತು. ಹಡಗಿನ ನಡುಕ ನನಗೆ ಗೊತ್ತು. ಇದು ಬೇರೆ, ಬಿಗಿಯಾಗಿತ್ತು, ಬೇಗ ಬರುತ್ತಿತ್ತು.

"ಭಾವಾ, ಬಲೆ," ಎಂದ ಪರಮಯ್ಯ. ಅಷ್ಟೇ ಹೇಳಿದ್ದು.

ಜಟ್ಟಪ್ಪ ಎದ್ದು ನಿಂತ. ಮರಳಿನ ಮಬ್ಬಿನಿಂದ ಒಂದು ಬೂದಿ ಬಣ್ಣದ ಮೂತಿ ಹೊರಬಂತು.

"ತಾಂಡೇಲ್ರೇ, ಅದು ಸಾಮಾನಿನ ಹಡಗಲ್ಲ," ಎಂದ ಮಕ್ತುಂ ಸಾಬ. "ಯುದ್ಧದ್ದು. ಬ್ಯಾಡಾ."

"ಬಣ್ಣ ಯಾವ್ದಾದ್ರೆ ಎಂತಾ. ಬಲೆ ಬಿಟ್ರೆ ನಾಳೆ ಎಂತಾ ತಿಂಬುದು? ಮೇಲೆ ಮನ್ಶರೇ ಇದ್ದಾರೆ. ಬಿಡು ಇಂಜಿನ್."

ಮಕ್ತುಂ ಸಾಬ ಬಿಟ್ಟ. ಎರಡು ಇಂಜಿನ್ನಿನ ದೋಣಿ, ನೀರಿನ ಮೇಲೆ ಹಾರಿಕೊಂಡು ಹೋಯಿತು. ಜಟ್ಟಪ್ಪ ಮುಂದೆ ನಿಂತು ಲುಂಗಿ ಬೀಸಿದ. ಹಡಗು ಹಾರನ್ ಹೊಡೆಯಿತು, ಒಂದಲ್ಲ ಐದು ಸಲ. "ಕಂಡ್ರು, ಕಂಡ್ರು," ಎಂದು ಪರಮಯ್ಯ ನಕ್ಕ. ಆಮೇಲೆ ಕೆಂಪು ಬೆಳಕೊಂದು ಮೇಲೆ ಹಾರಿತು. ಇದು ಅವರಿಗೆ ಹೊಸದು. ಇನ್ನೂ ಸರಿಯಾಗಿ ಕಾಣಲಿಲ್ಲವೇನೋ ಎಂದು ಜಟ್ಟಪ್ಪ ಇನ್ನೂ ಎತ್ತರಕ್ಕೆ ಬೀಸಿದ.

ಹಡಗಿನವರ ಪುಸ್ತಕದಲ್ಲಿ ಬೇರೆ ಬರೆದಿತ್ತಂತೆ. ಎರಡು ಇಂಜಿನ್ನಿನ ಸಣ್ಣ ದೋಣಿ ನೇರ ಬಂದರೆ, ಹಾರನ್ನಿಗೆ ನಿಲ್ಲದಿದ್ದರೆ, ಕೆಂಪು ಬೆಳಕಿಗೂ ನಿಲ್ಲದಿದ್ದರೆ ಅದು ಶತ್ರು. ನಮ್ಮವರ ಪುಸ್ತಕ ನಮ್ಮವರ ತಲೆಯಲ್ಲಿತ್ತು, ಅವರದು ಅವರ ಮೇಜಿನ ಮೇಲಿತ್ತು. ಎರಡನ್ನೂ ಓದಿದವರು ಆ ನೀರಿನಲ್ಲಿ ಯಾರೂ ಇರಲಿಲ್ಲ.

ಗುಂಡಿನ ಸದ್ದು ನೀರಿನೊಳಗೆ ಒಣಗಿದ ಕೊಬ್ಬರಿ ಒಡೆದ ಹಾಗೆ ಕೇಳಿಸುತ್ತದೆ. ದೋಣಿ ನಡುವಿನಲ್ಲಿ ಸೀಳಿತು. ಮಕ್ತುಂ ಸಾಬ ಇಂಜಿನ್ನಿನ ಕಡೆಯ ತುಂಡಿನ ಮೇಲೆ ಉಳಿದ, ತೊಡೆಯಲ್ಲಿ ರಕ್ತ. ಪರಮಯ್ಯ ನೀರಿಗೆ ಬಿದ್ದು ಈಜಿ ಬಂದು ನನ್ನ ತೇಲುಬೆಂಡು ಹಿಡಿದುಕೊಂಡ. ಜಟ್ಟಪ್ಪನೂ ಈಜಿಕೊಂಡೇ ಬಂದ. ಅವನಿಗೆ ಒಂದು ಗುಂಡೂ ತಾಗಿರಲಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳಬೇಕು: ಅವನಿಗೆ ಗುಂಡು ತಾಗಿರಲಿಲ್ಲ.

ಬಲೆ ಕೆಲಸಕ್ಕೆ ಗುಂಡಿ ಇರುವ ಅಂಗಿಯನ್ನು ಯಾರೂ ಹಾಕುವುದಿಲ್ಲ. ಗುಂಡಿ ಬಲೆಗೆ ಸಿಕ್ಕಿಕೊಳ್ಳುತ್ತದೆ. ಜಟ್ಟಪ್ಪನ ಬನಿಯನ್ನುಗಳೆಲ್ಲ ಹರಿದು ಚಿಂದಿಯಾಗಿದ್ದವು. ಅಂದು ಅವನು ಊರಿಗೆ ಹೋಗುವಾಗ ಹಾಕಲೆಂದು ಎತ್ತಿಟ್ಟ ಅಂಗಿ ಹಾಕಿದ್ದ. ಮೊದಲು ಎದೆಯ ಗುಂಡಿ ನನ್ನ ಕಣ್ಣಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ತಿರುಗಿದಾಗ ತೋಳಿನದು. ಅವನು ಹೊರಳಿದಷ್ಟೂ ನಾನು ಸುತ್ತಿಕೊಂಡೆ. ನನ್ನ ಸೀಸದ ಗುಂಡುಗಳು ಅವನನ್ನು ಕೆಳಗೆಳೆದವು. ಅವನ ಮುಖ ನನ್ನ ಮುಖಕ್ಕೆ ಒತ್ತಿಕೊಂಡಿತ್ತು. ಬಿಡಬೇಕೆಂದು ನಾನು ಎಷ್ಟು ಬಯಸಿದೆ ಎಂದು ಯಾರಿಗೆ ಹೇಳಲಿ? ನನಗೆ ಬಿಡುವುದನ್ನು ಯಾರೂ ಕಲಿಸಿರಲಿಲ್ಲ.

ಪರಮಯ್ಯ ಚೂರಿ ಕಚ್ಚಿಕೊಂಡು ಮುಳುಗಿದ. ತಾನೇ ಕಟ್ಟಿದ, ತಾನೇ ಹೆಣೆದ ಕಣ್ಣುಗಳನ್ನು ಸರಸರನೆ ಕೊಯ್ದ. ಭಾವನನ್ನು ಮೇಲೆ ತರುವಾಗ ಹೊತ್ತು ಮೀರಿತ್ತು.

ಹಡಗು ನಿಲ್ಲಲಿಲ್ಲ. ಆದರೆ ಅದರ ಕಟಕಟೆಯ ಹತ್ತಿರ ಕೆಲವರು ಓಡಿಬಂದರು. ಒಬ್ಬ ತೇಲುವ ಬಳೆಯೊಂದನ್ನು ಎಸೆದ, ಅದು ದೂರ ಬಿತ್ತು. ಇನ್ನೊಬ್ಬ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ಅವರು ಲುಂಗಿ ನೋಡಿರಬೇಕು. ಅದು ಯಾರ ಹಡಗು ಎಂದು ಆಮೇಲೂ ಯಾರೂ ಒಪ್ಪಿಕೊಳ್ಳಲಿಲ್ಲ.

ನಮ್ಮವರನ್ನು ನೀರಿನಿಂದ ಎತ್ತಿದವರು ಎದುರು ದಡದ ಇರಾನಿ ಮೀನುಗಾರರು. ಮಾತು ತಿಳಿಯದ ಇಬ್ಬರು ಮುದುಕರು. ಮಕ್ತುಂ ಸಾಬನ ತೊಡೆಗೆ ತಮ್ಮ ತಲೆವಸ್ತ್ರ ಕಟ್ಟಿ, ಜಟ್ಟಪ್ಪನ ಕಣ್ಣು ಮುಚ್ಚಿ, ನನ್ನನ್ನೂ ಬಿಡದೆ ಎಳೆದು ಹಾಕಿಕೊಂಡರು. ಮೀನುಗಾರ ಬಲೆಯನ್ನು ಬಿಟ್ಟು ಹೋಗುವುದಿಲ್ಲ, ಯಾವ ದಡದವನಾದರೂ. ನಮ್ಮ ಬಂದರಿನ ದೋಣಿಯೊಂದನ್ನು ಹುಡುಕಿ ಅದಕ್ಕೆ ಎಲ್ಲರನ್ನೂ ಒಪ್ಪಿಸಿ ಹೋದರು.

ಮಾರನೆಯ ದಿನ ಮಾದೇವಿಯ ಫೋನ್ ಬಂತು. ಅವರ ಮನೆಯಲ್ಲಿ ಒಂದು ಕ್ರಮವಿದೆ. ಸಮುದ್ರಕ್ಕೆ ಹೋದ ಗಂಡಸಿನ ಸುದ್ದಿಯನ್ನು ನೇರ ಕೇಳಬಾರದು, ಕೇಳಿದರೆ ಸಮುದ್ರದ ಕಿವಿಗೆ ಬೀಳುತ್ತದಂತೆ. ಬಲೆಯ ಸುದ್ದಿ ಕೇಳಬೇಕು. ಬಲೆ ಚಂದ ಇದ್ದರೆ ಗಂಡಸೂ ಚಂದ.

"ಬಲೆ ಹ್ಯಾಂಗದೆ ತಮಾ?" ಎಂದಳು.

ಪರಮಯ್ಯನ ಕಾಲು ನನ್ನ ಮೇಲಿತ್ತು.

"ಬಲೆ ಕೊಯ್ದು ಹೋಯ್ತು ಅಕ್ಕಾ," ಎಂದ.

ಆ ಕಡೆ ಒಲೆಯಲ್ಲಿ ಹಸಿಸೌದೆ ಚಟಪಟ ಎನ್ನುವುದು ಮಾತ್ರ ಕೇಳುತ್ತಿತ್ತು.

"ಪೂರಾನಾ?" ಎಂದಳು ಕಡೆಗೆ.

"ಪೂರಾ ಅಕ್ಕಾ."

ಸತ್ತವನಿಗೂ ವಿಮಾನ ಇರಲಿಲ್ಲ. ಜಟ್ಟಪ್ಪನನ್ನು ಯಾವುದೋ ಆಸ್ಪತ್ರೆಯ ತಣ್ಣನೆ ಕೋಣೆಯಲ್ಲಿ ಇಟ್ಟರು. ಮಕ್ತುಂ ಸಾಬ ಇನ್ನೊಂದು ಆಸ್ಪತ್ರೆಯಲ್ಲಿ. ವಿಮಾನ ಹಾರಿದರೂ ಭಾವನನ್ನು ಬಿಟ್ಟು ಊರಿಗೆ ಹೋಗುವುದಿಲ್ಲ ಎಂದು ಕುಳಿತ ಪರಮಯ್ಯನಿಗೆ ಮೂರನೆಯ ದಿನ ಅಕ್ಕಿ ಮುಗಿಯಿತು. ಮಲಯಾಳಿ ಎರಡು ದಿನ ಸುಮ್ಮನೆ ಕೊಟ್ಟ. ಆಮೇಲೆ ಅವನ ಹತ್ತಿರವೂ ಕೊಡುವಷ್ಟು ಇರಲಿಲ್ಲ. ಪಕ್ಕದ ದೋಣಿಯ ಬಂಗಾಳಿಗಳು ಬಂದು, ದೋಣಿ ನಮ್ಮದು, ಬಲೆ ನಿನ್ನದು, ಬಾ ಎಂದರು.

ಪರಮಯ್ಯ ನನ್ನನ್ನು ಕಟ್ಟೆಯ ಮೇಲೆ ಹರಡಿದ. ನಡುವಿನಲ್ಲಿ ಆ ತೂತು ಇತ್ತು, ಒಬ್ಬ ಮನುಷ್ಯ ಹೊರಬಂದಷ್ಟು. ಬಿಳಿ ದಾರ ಇಡೀ ಬಂದರಿನಲ್ಲಿ ಸಿಗಲಿಲ್ಲ. ಬಂಗಾಳಿಗಳು ಹಸಿರು ದಾರ ಕೊಟ್ಟರು. ನನ್ನ ಅಂಚನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂತ. ಸೂಜಿ ಒಳಗೆ ಹೋಗಲಿಲ್ಲ, ಕೈ ಹಾಗೇ ನಿಂತಿತು. ಆಮೇಲೆ ಹೊಟ್ಟೆ ಒಂದು ಸಲ ಗುರ್ ಎಂದಿತು, ನಾನು ಕೇಳಿಸಿಕೊಂಡೆ. ಅವನು ಮೊದಲ ಗಂಟು ಹಾಕಿದ. ಸಂಜೆಯವರೆಗೆ ಹೆಣೆದ. ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ನಾನು ಮತ್ತೆ ಅದೇ ನೀರಿಗೆ ಇಳಿದೆ. ಮೀನು ಸಿಕ್ಕಿತು. ಅಕ್ಕಿಯೂ ಸಿಕ್ಕಿತು. ಆ ಅನ್ನದ ಮುಂದೆ ಅವನು ಕೂತಿದ್ದನ್ನು ನಾನು ನೋಡಿದೆ, ಉಂಡದ್ದನ್ನೂ ನೋಡಿದೆ.

ಐವತ್ತೊಂಬತ್ತನೆಯ ದಿನ ವಿಮಾನ ಹಾರಿತು. ಕಪಾಟಿನ ಪಾಸ್‌ಪೋರ್ಟು ಹೇಗೋ ಕೈಗೆ ಸಿಕ್ಕಿ, ಪರಮಯ್ಯ ಭಾವನ ಪೆಟ್ಟಿಗೆಯ ಸಂಗಡ ಹೋದ. ಮಕ್ತುಂ ಸಾಬ ಏನಾದ ಎಂಬುದು ನನ್ನ ತೂತಿನಿಂದ ಜಾರಿಹೋಗಿದೆ. ಯುದ್ಧ ಮುಗಿಯಿತು ಎಂದು ಆಮೇಲೆ ಯಾರೋ ಹೇಳಿದರು. ಕೋಲಿನ ಮನುಷ್ಯ ಮತ್ತೆ ಮೊಬೈಲಿನಲ್ಲಿ ಬಂದು, ಲೆಕ್ಕ ಎಲ್ಲಿ ತಪ್ಪಿತು ಎಂದು ಬೇರೊಂದು ನಕ್ಷೆಯ ಮೇಲೆ ತೋರಿಸಿದನಂತೆ. ಆ ನಕ್ಷೆಯಲ್ಲೂ ಬಲೆಗಳಿರಲಿಲ್ಲ.

ನಾನು ಬಂಗಾಳಿಗಳ ಕೈಯಲ್ಲಿ ಮೂರು ವರ್ಷ ದುಡಿದೆ, ಬಳಿಕ ಇನ್ನೊಬ್ಬರ ಕೈಗೆ ಹೋದೆ. ನಡುವಿನಲ್ಲಿ ಈ ಹಸಿರು ಯಾಕೆ ಎಂದು ಆ ಹೊಸಬರು ಕೇಳಿಕೊಂಡರು, ಉತ್ತರ ಗೊತ್ತಿದ್ದವರು ಇರಲಿಲ್ಲ. ಈಗ ವಯಸ್ಸಾಯಿತು. ಬಂದರಿನ ಹಿಂಗೋಡೆಯ ಬುಡದಲ್ಲಿ ಬಿಸಿಲಿಗೆ ಬಿದ್ದಿದ್ದೇನೆ. ಬಿಳಿ ದಾರ ಮುಟ್ಟಿದರೆ ಪುಡಿಯಾಗುತ್ತದೆ. ಗಾಳಿ ಬಂದಾಗ ನನ್ನ ತುಣುಕುಗಳು ಹಾರಿಹೋಗುತ್ತವೆ. ಪರಮಯ್ಯ ಹಾಕಿದ ಗಂಟು ಮಾತ್ರ ಒಂದೂ ಬಿಚ್ಚಿಲ್ಲ. ನಾನು ಪೂರ್ತಿ ಮಣ್ಣಾದ ಮೇಲೂ ಆ ಹಸಿರು ತುಂಡೊಂದು, ಒಬ್ಬ ಗಂಡಸಿನಷ್ಟು ಉದ್ದ, ಇಲ್ಲೇ ಮಲಗಿರುತ್ತದೆ.