ಇಡೀ ಹಡಗಿಗೆ ಬಂದ ಬಿಲ್ಲೆ

ಗೋಡೆಗೆ ಒರಗಿಸಿ ಕೂರಿಸಿದ್ದ ಗಾದಿಲಿಂಗಪ್ಪನ ಅಂಗಿಗೆ ಕೊಟ್ರಮ್ಮ ಬಿಲ್ಲೆ ಚುಚ್ಚುತ್ತಿದ್ದಳು. ಹೆಣದ ತಲೆ ವಾಲದಂತೆ ಮಗಳು ಅರುಣಾ ಹಿಡಿದುಕೊಂಡಿದ್ದಳು. ಎಪ್ಪತ್ತೊಂದರ ಯುದ್ಧದಲ್ಲಿ ಅವನ ಹಡಗು ತೋರಿದ ಶೌರ್ಯಕ್ಕೆ ನೌಕಾದಳ ಕೊಟ್ಟ ಬಿಲ್ಲೆ ಅದು. ಸಮುದ್ರವನ್ನೇ ಕಾಣದ ಕುರುಗೋಡಿನ ಮಂದಿ ಅವನನ್ನು ಹಡಗಿನ ಗಾದಿಲಿಂಗಪ್ಪ ಎನ್ನುತ್ತಿದ್ದರು. ಅದರ ಜಂಬ ಗಂಡನಿಗಿಂತ ಕೊಟ್ರಮ್ಮನಿಗೇ ಒಂದು ಕೈ ಹೆಚ್ಚು.

ಸಿರುಗುಪ್ಪದಿಂದ ಹಾಲಸಿದ್ದಪ್ಪ ಬಂದ. ಅದೇ ಹಡಗಿನಲ್ಲಿ ದುಡಿದವನು. ಕೊಟ್ರಮ್ಮ ಎಷ್ಟು ಹೇಳಿದರೂ ಗಂಡ ಅವನನ್ನು ಮನೆಗೆ ಕರೆದಿರಲಿಲ್ಲ. ನೆರೆದವರು ಯುದ್ಧದ ಕತೆ ಕೇಳಿದರು. ಇಂಜಿನ್ ಕೋಣೆಗೆ ನೀರು ನುಗ್ಗಿದ್ದನ್ನು, ಸತ್ತ ಗೆಳೆಯರನ್ನು ದಾಟಿಕೊಂಡು ಕೆಲಸ ಮಾಡಿದ್ದನ್ನು ಅವನು ಹೇಳಿದ. ಆಗ ನಮ್ಮ ಗಾದಿಲಿಂಗಪ್ಪ ಎಲ್ಲಿದ್ದ ಎಂದು ಯಾರೋ ಕೇಳಿದರು.

"ಹೆಂಡ್ತಿ ಹೆರಿಗಿ ಐತಿ ಅಂತ ಯುದ್ಧಕ್ಕಿಂತ ಮೊದಲ ರಜಾ ತಗಂಡು ಊರಿಗೆ ಬಂದಿದ್ನಲ್ರಿ. ಪುಣ್ಯಾತ್ಮ, ಉಳಕಂಡ. ಪ್ರಶಸ್ತಿ ಇಡೀ ಹಡಗಿಗೆ ಕೊಟ್ರು, ಅದಕ್ಕ ಅವಂಗೂ ಬಿಲ್ಲಿ ಬಂತು."

ಕೊಟ್ರಮ್ಮ ಬಿಲ್ಲೆಯ ಮೇಲಿನ ಕೈ ತೆಗೆದಳು.

"ಊರಿಗೆ ಬಂದಿದ್ದಿಲ್ಲಣ್ಣ," ಎಂದಳು.



* * *

ಯುದ್ಧದ ಆ ಡಿಸೆಂಬರಿನಲ್ಲಿ ಹುಟ್ಟಿದ ಗಂಡುಕೂಸು ವಾರ ತುಂಬುವ ಮೊದಲೇ ಕಣ್ಣು ಮುಚ್ಚಿತ್ತು. ಹಸಿ ಬಾಣಂತಿ ಕೊಟ್ರಮ್ಮ ಮಾವನ ಹಿಂದೆ ನಡೆದು ಹೋಗಿ ಹೊಲದ ಬದುವಿನಲ್ಲಿ ಅದಕ್ಕೆ ಮಣ್ಣು ಕೊಟ್ಟು ಬಂದಿದ್ದಳು. ಯುದ್ಧ ಮುಗಿದ ಮೇಲೆ ಬಂದ ಗಂಡ, ರಜೆ ಕೊಡಲಿಲ್ಲ, ಹಡಗಿನಲ್ಲೇ ಸಿಕ್ಕಿಬಿದ್ದೆ ಎಂದು ಅತ್ತ. ಅವಳು ತಿಂಗಳುಗಟ್ಟಲೆ ಮಾತು ಬಿಟ್ಟಳು. ಬಿಲ್ಲೆ ಬಂದ ದಿನ ಮಾತ್ರ ತಾನೇ ಸೋತು, ದೇಶ ಕಾಯುವವನ ಮೇಲೆ ಮುನಿಸಿಕೊಂಡೆನಲ್ಲ ಎಂದು ಅವನ ಕಾಲು ಹಿಡಿದಿದ್ದಳು.

* * *

ಸಂಜೆ ಅದೇ ಹೊಲದಲ್ಲಿ ಅವನನ್ನು ಕುಣಿಯೊಳಗೆ ಕೂರಿಸಿ, ವಿಭೂತಿ, ಪತ್ರೆ ಹಾಕಿ ಮಣ್ಣು ಮುಚ್ಚಿದರು. ಕಾಲು ಹಿಡಿದದ್ದು ನೆನಪಾಗಿ ಕೊಟ್ರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ದಿನಗಳಲ್ಲಿ ಎಲ್ಲಿದ್ದೆ ಎಂದು ಕೇಳೋಣವೆಂದರೆ ಉತ್ತರ ಕೊಡಬೇಕಾದವನು ಮಣ್ಣಿನ ಕೆಳಗಿದ್ದ. ಗಂಡಹೆಂಡಿರನ್ನು ಅಕ್ಕಪಕ್ಕ ಇಡುವುದು ಆ ಮನೆತನದ ವಾಡಿಕೆ. ಕುಣಿ ತೋಡಿದ ಗವಿಸಿದ್ದಪ್ಪ ಹತ್ತಿರ ಬಂದು, ಎಡಕ್ಕೆ ನಿಮಗೆ ಜಾಗ ಬಿಟ್ಟು ಕಲ್ಲು ನೆಡಲೇ ಎಂದು ಮೆಲ್ಲಗೆ ಕೇಳಿದ.

"ಇಲ್ಲಿ ಬ್ಯಾಡಪ್ಪ."

ಅರುಣಾ ತಾಯಿಯ ಸೆರಗು ಹಿಡಿದಳು. ಕೊಟ್ರಮ್ಮ ಅದನ್ನು ಬಿಡಿಸಿಕೊಂಡು ಬದುವಿನತ್ತ ನಡೆದಳು. ಜಾಲಿಯ ಕೆಳಗೆ ನೆಲ ಎಂದೋ ಸಮವಾಗಿತ್ತು. ಕೂಸಿನ ತಲೆ ಯಾವ ಕಡೆಗಿತ್ತೆಂದು ಅವಳಿಗೊಬ್ಬಳಿಗೇ ಗೊತ್ತು. ಆ ಜಾಗವನ್ನು ತುಳಿಯದಂತೆ ಪಕ್ಕಕ್ಕೆ ನಿಂತು, ಹಿಮ್ಮಡಿ ಒತ್ತಿ ತನ್ನ ಅಳತೆಗೆ ಕುಣಿಯ ಗೆರೆ ಎಳೆಯತೊಡಗಿದಳು.