ಅತ್ತಿ ಚೀಲ, ಸೊಸಿ ಚೀಲ

ನಾಲ್ಕನೆಯ ಗುಂಡು ತುಂಬುವಾಗ ರೈಫಲ್ಲಿನ ಬೋಲ್ಟು ಅರ್ಧಕ್ಕೇ ನಿಂತಿತು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದ ಶೈಲಶ್ರೀ ಒಮ್ಮೆ ಮುಂದಕ್ಕೆ ನೂಕಿದಳು, ಇನ್ನೊಮ್ಮೆ ಹಿಂದಕ್ಕೆ ಜಗ್ಗಿದಳು. ಅದು ಹೋಗಲೊಲ್ಲದು, ಬರಲೊಲ್ಲದು.

"ಜಗ್ಗಬ್ಯಾಡ ತಂಗೆವ್ವಾ!" ಹಿಂದಿನಿಂದ ಶಟ್ಟೆಪ್ಪ ಕೂಗಿದ. "ಬಂದೂಕಿನ ನಳಗಿ ಗುರಿ ಕಡೇನ ಇರಲಿ. ಕೈ ಬಿಡು."

ಎಪ್ಪತ್ತೆರಡರ ಮುದುಕ, ಆದರೂ ಮೊಣಕಾಲೂರಿ ಅವಳ ಪಕ್ಕದಲ್ಲಿ ಕುಂತ. ಬೋಲ್ಟಿನ ಹಿಡಿಕೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದ, ಹಟ ಹಿಡಿದ ಕರುವಿನ ಬೆನ್ನು ತಟ್ಟಿದ ಹಾಗೆ. ಮತ್ತೆ ಮತ್ತೆ ತಟ್ಟಿದ ಮೇಲೆ ಅದು ಹಿಂದಕ್ಕೆ ಸರಿದು, ಹಿತ್ತಾಳೆಯ ಕಾಡತೂಸು ಅವನ ಬೊಗಸೆಗೆ ಬಿತ್ತು. ಆದರೆ ಗಡಿಯಾರ ಯಾರಿಗೂ ಕಾಯುವುದಿಲ್ಲ. ಹತ್ತು ಗುಂಡು ಹೊಡೆಯಬೇಕಾದ ಹೊತ್ತಿನಲ್ಲಿ ಹುಡುಗಿ ಹೊಡೆದದ್ದು ಏಳು. ನೂರಕ್ಕೆ ಅರವತ್ತನಾಲ್ಕು. ರಾಮದುರ್ಗದಿಂದ ಬಂದಿದ್ದ ಸಿದ್ಧಾರೂಢನದು ತೊಂಬತ್ತೆರಡು.

ಮುನವಳ್ಳಿ ಹೊರಗಿನ ಹಳೆಯ ಕಲ್ಲುಖಣಿಯೇ ಅವರ ರೈಫಲ್ ಕ್ಲಬ್ಬು. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ತಗಡಿನ ಮನೆ. ಅವತ್ತು ಸುತ್ತಲಿನ ನಾಲ್ಕೂ ತಾಲೂಕಿನವರಿಗೆ ಆಯ್ಕೆಯ ಸ್ಪರ್ಧೆ ಇತ್ತು. ಮುಂಜಾನೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಎರಡರಲ್ಲಿ ಯಾವುದು ಹೆಚ್ಚೋ ಅದೇ ಲೆಕ್ಕ. ಮೊದಲು ಬಂದವರು ಒಬ್ಬರು ಮಾತ್ರ ರಾಜ್ಯದ ತಂಡಕ್ಕೆ. ಸಿರಸಂಗಿಯಿಂದ ಮೂರು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿದ ಹುಡುಗಿಗೆ ಇನ್ನು ಉಳಿದದ್ದು ಮಧ್ಯಾಹ್ನದ ಹತ್ತು ಗುಂಡು.

ಕ್ಲಬ್ಬಿನ ಕಾರ್ಯದರ್ಶಿ ಮಹಾಂತಪ್ಪ ಮಾಸ್ತರ ಆಗಲೇ ತಗಡಿನ ಮನೆಯ ಮೇಜಿನ ಮೇಲೆ ಕಾಡತೂಸಿನ ಡಬ್ಬಿ ತೆರೆದು ಕುಂತಿದ್ದರು. ಸಾಲಿಯಲ್ಲಿ ಡ್ರಿಲ್ಲು ಕಲಿಸಿ ನಿವೃತ್ತರಾದವರು. ಕೈಯಲ್ಲಿ ಅಂಕಿ ತೋರಿಸುವ ಹೊಸ ವರ್ನಿಯರು. ಒಂದೊಂದನ್ನೂ ಅದರ ಬಾಯಿಗೆ ಕೊಟ್ಟು ಹಿತ್ತಾಳೆಯ ಉದ್ದ ಓದಿದರು.

"ಉದ್ದ ಎಲ್ಲಾ ಬರೋಬ್ಬರಿ ಐತಿ. ಮಾಪಿನೊಳಗ ಒಂದೂ ತಪ್ಪಿಲ್ಲ. ಅಂದ್ರ ತಪ್ಪು ಎಲ್ಲಿ ಐತಿ ಅಂತ ನಾ ಬಾಯಿಬಿಟ್ಟು ಹೇಳಬೇಕೇನ್ರಿ ಶಟ್ಟೆಪ್ಪಣ್ಣ?"

ಶಟ್ಟೆಪ್ಪ ಬೊಗಸೆಗೆ ಬಿದ್ದ ಆ ಕಾಡತೂಸನ್ನೇ ನೋಡುತ್ತಿದ್ದ.

"ಕಣ್ಣು ಮಂಜಾಗ್ಯಾವು, ಕೈ ನಡಗತಾವು. ನಿಮಗ ಬ್ಯಾಸರ ಆಗಬಾರದು ಅಂತ ಇಷ್ಟು ದಿನಾ ಸುಮ್ಮನಿದ್ದೆ. ಸಂಜಿಗೆ ಆ ಕಾಡತೂಸಿನ ಪೆಟ್ಟಿಗಿ ಕೀಲಿ ಕೊಟ್ಟುಬಿಡ್ರಿ."

ಕೀಲಿ ಶಟ್ಟೆಪ್ಪನ ಉಡದಾರದಲ್ಲಿ ತೂಗುತ್ತಿತ್ತು. ಹದಿನೆಂಟು ವರ್ಷದಿಂದ ಅಲ್ಲೇ ಇತ್ತು. ಅದಕ್ಕೂ ಮೊದಲು ಅವನದು ಕೊಡ, ತಂಬಿಗೆ, ಗಿಂಡಿ ಬಡಿಯುವ ಕೆಲಸ. ಸ್ಟೀಲು ಬಂದು ಸುತ್ತಿಗೆ ಮೂಲೆಗೆ ಬಿದ್ದ ಮೇಲೆ ಕ್ಲಬ್ಬಿನವರು ಕರೆದು ಈ ಮೇಜಿನ ಮುಂದೆ ಕೂರಿಸಿದ್ದರು. ಹೊಡೆದು ಖಾಲಿಯಾದ ಕಾಡತೂಸನ್ನು ಮತ್ತೆ ತುಂಬುವುದಕ್ಕೆ ಕ್ಲಬ್ಬಿಗೆ ಪರವಾನಗಿ ಇತ್ತು, ತುಂಬುವವನು ಬೇಕಿತ್ತು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವನಾದರೂ ಹಿತ್ತಾಳೆಯ ಸ್ವಭಾವ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಡಿದರೆ ಸೆಡೆಯುತ್ತದೆ, ಬೆಂಕಿ ತೋರಿಸಿದರೆ ಮೆತ್ತಗಾಗುತ್ತದೆ. ಗುಂಡು ಹಾರಿದಾಗ ಒಳಗಿನ ಒತ್ತಡಕ್ಕೆ ಉಬ್ಬಿ, ರೈಫಲ್ಲಿನೊಳಗೆ ಕಾಡತೂಸು ಕೂರುವ ಮನೆಯ ಗೋಡೆಗೆ ಅಪ್ಪಿಕೊಳ್ಳುತ್ತದೆ. ಆಮೇಲೆ ಕೂದಲೆಳೆಯಷ್ಟು ಕುಗ್ಗಿ ಹೊರಗೆ ಬರುತ್ತದೆ, ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಯಂತ್ರಕ್ಕೆ ಕೊಟ್ಟು ಕೊರಳು ಒತ್ತಿದರೆ ಮೈ ಮೇಲಕ್ಕೆ ಹರಿದು ಉದ್ದವಾಗುತ್ತದೆ. ಬೆಳೆದ ಉಗುರು ತೆಗೆದ ಹಾಗೆ ತುದಿ ಕತ್ತರಿಸಬೇಕು.

ಅವನು ಒತ್ತುತ್ತಿದ್ದದ್ದು ಕೊರಳು ಮಾತ್ರ. ಹೊಟ್ಟೆಯ ತಂಟೆಗೆ ಹೋಗುತ್ತಿರಲಿಲ್ಲ. ತಾನು ಹಾರಿದ ರೈಫಲ್ಲಿನ ಅಳತೆಗೆ ಹೊಂದಿದ ಹಿತ್ತಾಳೆ ಮತ್ತೆ ಅದೇ ರೈಫಲ್ಲಿಗೆ ಹೋದರೆ ಗುರಿ ಚೊಕ್ಕ ಬರುತ್ತದೆ ಎನ್ನುವುದು ಅವನ ಅನುಭವ. ಕ್ಲಬ್ಬಿನಲ್ಲಿ ಎರಡು ರೈಫಲ್ಲು. ಹಳೆಯದರ ಮನೆ ಸವೆದು ಸಡಿಲ, ಹೊಸದರದು ಬಿಗಿ. ಅವನು ಅವಕ್ಕೆ ಅತ್ತಿ, ಸೊಸಿ ಎಂದು ಹೆಸರಿಟ್ಟಿದ್ದ. ಅತ್ತಿಯ ಕಾಡತೂಸಿಗೆ ಖಾಕಿ ಚೀಲ, ಸೊಸಿಯವಕ್ಕೆ ಹೆಂಡತಿಯ ಹಳೆಯ ಸೀರೆಯಲ್ಲಿ ಹೊಲಿದ ಕೆಂಪು ಚೀಲ. ಶೈಲಶ್ರೀ ಹೊಡೆಯುತ್ತಿದ್ದದ್ದು ಸೊಸಿಯಿಂದ.

ಅಂಗೈಯಲ್ಲಿದ್ದ ಕಾಡತೂಸನ್ನು ಶಟ್ಟೆಪ್ಪ ಬಿಸಿಲಿಗೆ ಹಿಡಿದ. ಜಗುಲಿಯ ಮೇಲಿನ ದೇವರ ಗಿಂಡಿಯಂತೆ ಥಳಥಳ ಹೊಳೆಯಿತು. ಇಷ್ಟು ಹೊಳಪು ಅವನ ಕೈಯದಲ್ಲ. ಹೊರಗೆ ಚಹಾದ ಕಪ್ಪು ತೊಳೆಯುತ್ತಿದ್ದ ಪದ್ಮವ್ವನ ಹತ್ತಿರ ಹೋದ. ಕ್ಲಬ್ಬು ಕಸಗುಡಿಸಿ ಚಹಾ ಮಾಡುವವಳು ಆಕೆ.

"ಪದ್ಮವ್ವಾ, ನವಮಿ ಖಂಡೇ ಪೂಜಿಗೆ ಇವನ್ನೆಲ್ಲಾ ನೀನ ಬೆಳಗಿದ್ದೇನು?"

"ಹೂಂ ಕಾಕಾ. ಮಾಸ್ತರ್ರು ಪೂಜಿಗೆ ಎಲ್ಲಾ ಝಗಝಗ ಅನ್ನಬೇಕು, ಫೋಟೋ ತಗೀತೇವಿ ಅಂದಿದ್ರು. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಚಂದ ಆಗ್ಯಾವಿಲ್ಲೋ?"

"ಭಾಳ ಚಂದ ಆಗ್ಯಾವು. ತಿಕ್ಕುಮುಂದ ಎಷ್ಟು ಬುಟ್ಟಿ ಮಾಡಿದ್ದಿ?"

"ಎಷ್ಟೆಲ್ಲಿಂದ? ಒಂದ ಬುಟ್ಟಿ. ಎರಡೂ ಚೀಲ ಅದರಾಗ ಸುರುವಿಕೊಂಡೆ. ಆಮ್ಯಾಲೆ ಅರ್ಧ ಅದಕ್ಕ, ಅರ್ಧ ಇದಕ್ಕ ತುಂಬಿಟ್ಟೆ." ಹೇಳುತ್ತಾ ಹೇಳುತ್ತಾ ಅವನ ಮುಖ ನೋಡಿ ಅವಳ ಕೈ ನಿಂತಿತು. "ಯಾಕ ಕಾಕಾ? ಏನರ ಹರಕತ್ ಆತೇನು?"

"ಏನೂ ಆಗಿಲ್ಲ. ನೀ ಕಪ್ಪು ತೊಳಿ."

ಅವಳದೇನು ತಪ್ಪು? ತುಂಬುವಾಗ ಬೆರಳಿಗೆ ತಿಳಿಯಬೇಕಿತ್ತು. ಆದರೆ ನವಮಿಯ ದಿನ ಮೊಮ್ಮಗಳಿಗೆ ಬಿಸಿ ಹೋಳಿಗೆ ತೆಗೆದುಕೊಡಲು ಹೋಗಿ ಹಂಚಿಗೆ ಹೆಬ್ಬೆರಳು ಸುಟ್ಟುಕೊಂಡಿದ್ದ. ಅವತ್ತಿನಿಂದ ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆ ಕಟ್ಟಿದ ಬೆರಳಿಂದಲೇ, ಕೆಂಪು ಚೀಲವನ್ನು ನಂಬಿ, ಈ ನಲವತ್ತನ್ನೂ ತುಂಬಿದ್ದ.

ಶಟ್ಟೆಪ್ಪ ಬಾಗಿಲಲ್ಲಿ ನಿಂತು ಹಲ್ಲಿನಿಂದ ಗಂಟು ಬಿಚ್ಚಿ ಬಟ್ಟೆಯನ್ನು ಸುತ್ತು ಸುತ್ತಾಗಿ ತೆಗೆದ. ಕೆಳಗೆ ಹೊಸ ಚರ್ಮ ಎಳೆಯ ಮಗುವಿನದರಂತೆ ಕೆಂಪಗೆ ಮೂಡಿತ್ತು.

"ಮಾಸ್ತರ್ರ, ನೀವು ಎತ್ತರ ಅಳದ್ರಿ. ನಡಾ ಅಳೀಲಿಲ್ಲ."

"ನಡಾ? ಲಗ್ನಕ್ಕ ಹೆಣ್ಣು ನೋಡಾಕ ಬಂದೇವೇನ್ರಿ?"

ಊಟದ ಡಬ್ಬಿ ಬಿಚ್ಚುತ್ತಿದ್ದವರೆಲ್ಲ ನಕ್ಕರು. ಶಟ್ಟೆಪ್ಪನೂ ನಕ್ಕ. "ಹಂಗ ಅನ್ಕೊಳ್ರಿ. ಇದರಾಗ ಅರ್ಧ ಅತ್ತಿ ಮನ್ಯಾಗ ಉಂಡು ದಪ್ಪ ಆದಾವು. ಸೊಸಿ ಮನಿ ಬಾಗಲಾ ಸಣ್ಣದು, ಹಾಯವಲ್ವು. ಎರಡೂ ಚೀಲದಾವು ಕಲತಾವು. ತಪ್ಪು ನಂದು, ಬೆರಳಿಗೆ ಬಟ್ಟಿ ಕಟಗೊಂಡು ತುಂಬೇನಿ. ಈಗ ಆರಿಸಿ ಕೊಡತೇನಿ."

"ಕಣ್ಣಿಗೆ ಎಲ್ಲಾ ಒಂದ ಥರಾ ಕಾಣಸ್ತಾವು. ಹೆಂಗ ಆರಸ್ತೀರಿ?"

"ಕಣ್ಣು ಮಂಜಾಗ್ಯಾವು ಅಂತ ನೀವ ಅಂದ್ರೆಲ್ಲಾ," ಎಂದು ಶಟ್ಟೆಪ್ಪ ಮೇಜಿಗೆ ಕುಂತು ಕಣ್ಣು ಮುಚ್ಚಿಬಿಟ್ಟ.

ಅಂಗೈಯಲ್ಲಿದ್ದದ್ದನ್ನೂ ಸೇರಿಸಿದರೆ ಡಬ್ಬಿಯಲ್ಲಿ ಮೂವತ್ತಮೂರು ಉಳಿದಿದ್ದವು. ಒಂದೊಂದನ್ನೇ ತೆಗೆದು ಬುಡದ ಹತ್ತಿರ ಹೆಬ್ಬೆರಳು, ತೋರುಬೆರಳ ನಡುವೆ ಒಂದು ಸಲ ಹೊರಳಿಸಿದ. ಎಡಕ್ಕೊಂದು ಇಟ್ಟ, ಬಲಕ್ಕೊಂದು ಇಟ್ಟ. ಸುಟ್ಟ ಚರ್ಮ ಮೊದಮೊದಲು ಚುರುಗುಟ್ಟಿತು, ಆಮೇಲೆ ಅದಕ್ಕೇ ಹೆಚ್ಚು ತಿಳಿಯತೊಡಗಿತು. ಬೈಲಹೊಂಗಲದಿಂದ ಬಂದ ಇಬ್ಬರು ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ಹಿಂದೆ ಬಂದು ನಿಂತರು. ಶೈಲಶ್ರೀ ಒಂದೊಂದನ್ನೂ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಕೊನೆಗೆ ಬಲಕ್ಕೆ ಹತ್ತೊಂಬತ್ತು ಆದವು, ಎಡಕ್ಕೆ ಹದಿಮೂರು. ಒಂದನ್ನು ಮಾತ್ರ ಮೂರು ಸಲ ಹೊರಳಿಸಿ ನಡುವೆ ಇಟ್ಟ.

"ಇದೊಂದು ನನಗ ತಿಳೀವಲ್ದು. ಈಗ ಅಳೀರಿ ಮಾಸ್ತರ್ರ. ನಡಾ."

ಮಹಾಂತಪ್ಪ ವರ್ನಿಯರು ಎತ್ತಿದರು. ಬಲಗಡೆಯ ಮೊದಲನೆಯದು ಹನ್ನೊಂದು ಪಾಯಿಂಟ್ ಐದು ಎರಡು ಮಿಲಿಮೀಟರ್. ಎರಡನೆಯದು ಅಷ್ಟೇ. ಎಡಗಡೆಯದು ಹನ್ನೊಂದು ಪಾಯಿಂಟ್ ಆರು ಎರಡು. ಓದುತ್ತಾ ಹೋದಂತೆ ಅವರ ದನಿ ಇಳಿಯುತ್ತಾ ಬಂತು. ಹತ್ತೊಂಬತ್ತರಲ್ಲಿ ಹತ್ತೊಂಬತ್ತು, ಹದಿಮೂರರಲ್ಲಿ ಹದಿಮೂರು. ಕೊನೆಗೆ ನಡುವಿನದನ್ನು ಹಿಡಿದು ನೋಡಿದರು, ಒರೆಸಿ ಮತ್ತೆ ಹಿಡಿದರು.

"ಐದು ಏಳು," ಅಂದರು. "ಅದೂ ಇಲ್ಲ, ಇದೂ ಇಲ್ಲ. ಬರೋಬ್ಬರಿ ನಡುವ ಐತಿ."

"ಅಬಾಬಾ!" ಅಂದ ಸಿದ್ಧಾರೂಢ, ಎದುರಾಳಿ ಎನ್ನುವುದನ್ನು ಮರೆತು. "ಅಜ್ಜನ ಬೆರಳಿಗೆ ಸೆಲ್ಲ ಸುದ್ದಾ ಬ್ಯಾಡ ನೋಡ್ರಿ!"

ಈ ಸಲದ ನಗೆ ಬೇರೆ ಇತ್ತು. ಬಾಗಿಲಲ್ಲಿ ನಿಂತ ಪದ್ಮವ್ವನಿಗೆ ಸಂಗತಿ ತಿಳಿದುಹೋಗಿತ್ತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಏನೋ ಹೇಳಲು ಬಾಯಿ ತೆರೆದಳು. ಶಟ್ಟೆಪ್ಪ ಅವಳ ಕಡೆ ನೋಡಿ ತಲೆ ಅಲ್ಲಾಡಿಸಿದ. "ಪದ್ಮವ್ವಾ, ಎಲ್ಲಾರಿಗೂ ಚಹಾ ತಾರವ್ವ. ನಂದಕ್ಕ ಸಕ್ಕರಿ ಜಾಸ್ತಿ ಹಾಕು."

ಮಧ್ಯಾಹ್ನದ ಸುತ್ತಿಗೆ ಬಿಸಿಲು ಖಣಿಯ ಗೋಡೆಗೆ ಹೊರಳಿತ್ತು. ಬಲಗಡೆಯ ಹತ್ತೊಂಬತ್ತರಲ್ಲಿ ಹತ್ತನ್ನು ಶಟ್ಟೆಪ್ಪನೇ ಎಣಿಸಿ ಶೈಲಶ್ರೀಯ ಮುಂದಿಟ್ಟ.

"ಅಜ್ಜಾ, ಮತ್ತ ಸಿಕ್ಕರ?"

"ಸಿಗೂದಿಲ್ಲ. ನೀ ಕಾಡತೂಸಿನ ಚಿಂತಿ ನನಗ ಬಿಡು. ಗುರಿ ನೋಡಿಕೋ."

ಮೊದಲನೆಯದು ಒಳಗೆ ಹೋಯಿತು. ಬೋಲ್ಟು ಕೊಬ್ಬರಿಎಣ್ಣೆ ಸವರಿದಂತೆ ನುಣ್ಣಗೆ ಮುಚ್ಚಿತು. ಗುಂಡಿನ ಸದ್ದು ಮೂರೂ ಗೋಡೆಗೆ ಬಡಿದು ತಿರುಗಿ ಬಂತು. ಎರಡು, ಮೂರು. ನಾಲ್ಕನೆಯದಕ್ಕೆ ಶಟ್ಟೆಪ್ಪ ಧೋತರದ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಬೋಲ್ಟು ಹೋಯಿತು, ಬಂತು. ಖಾಲಿ ಹಿತ್ತಾಳೆ ಬಿಸಿಲಲ್ಲಿ ಮಿಂಚಿ ಹುಲ್ಲಿಗೆ ಬಿತ್ತು. ಆಮೇಲೆ ಅವನು ಎಣಿಸುವುದನ್ನೇ ಬಿಟ್ಟು ಆ ಸಪ್ಪಳವನ್ನಷ್ಟೇ ಕೇಳಿದ. ಅದರಲ್ಲಿ ಎಲ್ಲಿಯೂ ತಡೆ ಇರಲಿಲ್ಲ.

ಗುರಿಯ ಹಾಳೆ ಬಂತು. ತೊಂಬತ್ತೈದು. ಸಿದ್ಧಾರೂಢನ ಎರಡನೆಯ ಸುತ್ತು ತೊಂಬತ್ತು ಆಗಿತ್ತು, ಉಳಿದವರದು ಇನ್ನೂ ಕಡಿಮೆ. ಶೈಲಶ್ರೀ ಹಾಳೆಯನ್ನು ನೋಡಿದಳು, ಅಜ್ಜನನ್ನು ನೋಡಿದಳು, ಆಮೇಲೆ ಖಣಿ ಗುಂಯ್‌ಗುಡುವಂತೆ ಕೇಕೆ ಹಾಕಿದಳು. ಗೋಡೆಗಳು ಅದನ್ನು ಮೂರು ಸಲ ಹೇಳಿದವು. ಬೈಲಹೊಂಗಲದವರು ಅವಳನ್ನು ಎತ್ತಿಯೇಬಿಟ್ಟರು. ಸಿದ್ಧಾರೂಢ ಬಂದು ಕೈ ಕುಲುಕಿ, "ಮುಂದಿನ ವರ್ಷ ಅಜ್ಜನ್ನ ರಾಮದುರ್ಗಕ್ಕ ಹಾರಿಸಿಕೊಂಡು ಹೊಕ್ಕೇನಿ, ನೋಡಕೋತ ಇರ್ರಿ," ಅಂದ.

ಗದ್ದಲ ತಗಡಿನ ಮನೆಯ ಕಡೆ ಸರಿದ ಮೇಲೆ ಶಟ್ಟೆಪ್ಪ ಹುಲ್ಲಿನ ಹತ್ತಿರ ಬಂದ. ಅಲ್ಲಿ ಮಹಾಂತಪ್ಪ ಮಾಸ್ತರ ಮೊಣಕಾಲೂರಿ ಖಾಲಿ ಕಾಡತೂಸು ಹೆಕ್ಕುತ್ತಿದ್ದರು. ಪ್ಯಾಂಟಿನ ಇಸ್ತ್ರಿಯೆಲ್ಲ ಮಣ್ಣಾಗಿತ್ತು. ಶಟ್ಟೆಪ್ಪ ಉಡದಾರದಿಂದ ಕೀಲಿ ಬಿಚ್ಚಿ ಮುಂದೆ ಹಿಡಿದ.

"ತಗೋರಿ ಮಾಸ್ತರ್ರ. ಸಂಜಿ ಆತು."

ಮಹಾಂತಪ್ಪ ಕೀಲಿಯ ಕಡೆ ನೋಡಲೇ ಇಲ್ಲ. ಅಂಗೈ ಬಿಚ್ಚಿದರು. ಹತ್ತೂ ಅಲ್ಲಿದ್ದವು, ಇನ್ನೂ ಬೆಚ್ಚಗೆ.

"ಮೊದಲ ಇದನ್ನ ಹೇಳ್ರಿ ಅಣ್ಣಾರ. ಇವು ಯಾವ ಚೀಲಕ್ಕ ಹಾಕೂದು?"

ಹಿಂದೆ ಬಂದು ನಿಂತಿದ್ದ ಪದ್ಮವ್ವ ಆಗಲೇ ಕೆಂಪು ಚೀಲದ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಿದ್ದಳು.