ಭಾನುವಾರ ಬರ್ತೀನಿ ಅಂದ ಮೇಲೆ

ಶಾಲೆ ತೆರೆಯುವ ಕಾಲ ಬಂತೆಂದರೆ ಟೈಲರ್ ಮಾಸ್ಟರ ಮನೆಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಮುಂದಿನ ಕೋಣೆಯೇ ಅಂಗಡಿ. ಕುರ್ಚಿಯ ಮೇಲೆ ಯೂನಿಫಾರ್ಮಿನ ರಾಶಿ, ಊಟದ ಮೇಜಿನ ಮೇಲೂ ರಾಶಿ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಅಪವಾದ ಮಾಸ್ಟರಿಗೆ ಎಂದೂ ಬಂದಿಲ್ಲ. ಹೊಲಿಗೆ ಅಚ್ಚುಕಟ್ಟಾದ್ದರಿಂದ ಗಿರಾಕಿಗಳು ಸಹಿಸಿಕೊಂಡಿದ್ದಾರೆ. ಬಟ್ಟೆ ಆಗಿಲ್ಲವೆಂದು ಮೊದಲೇ ಹೇಳಿ ಕಳಿಸಿದರೆ ಜನ ಜಗಳಕ್ಕೆ ಬರುತ್ತಾರೆ, ಬಾಗಿಲಿಗೆ ಬಂದು ನಿಂತ ಮೇಲೆ ‘ನಾಳೆ ಬನ್ನಿ’ ಎಂದರೆ ಗೊಣಗಿಕೊಂಡು ಹೋಗುತ್ತಾರೆ. ಇದು ಅವರು ಕಂಡುಕೊಂಡ ಉಪಾಯ.

ಮಗಳು ಪುಟ್ಟಿ ಕಾಲೇಜಿನಲ್ಲಿ ಎರಡನೇ ವರ್ಷ. ಭಾನುವಾರ ಬೆಳಿಗ್ಗೆ ಲೈಬ್ರರಿಗೆ ಹೋಗಿ, ಕಣ್ಣು ಕಾಣದ ಒಬ್ಬ ಯುವಕನಿಗೆ ಪಾಠ ಓದಿ ಹೇಳುವುದನ್ನು ತಾನಾಗಿಯೇ ಒಪ್ಪಿಕೊಂಡಿದ್ದಳು. ಆತ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಬಡ್ತಿ ಪರೀಕ್ಷೆಗೆ ಕಟ್ಟಿದ್ದ. ಪುಸ್ತಕ ಹಳೆಯ ಅಚ್ಚಿನದು, ಫೋನಿನಿಂದ ಓದಿಸಿದರೆ ಅರ್ಧಕ್ಕರ್ಧ ತಪ್ಪು. ಯಾರಾದರೂ ಓದಬೇಕು, ಆತ ಅದನ್ನು ರೆಕಾರ್ಡ್ ಮಾಡಿಕೊಂಡು ವಾರವೆಲ್ಲ ಕೇಳಬೇಕು.

ಮಾಸ್ಟರಿಗೆ ಇದು ಸರಿಕಾಣುತ್ತಿರಲಿಲ್ಲ. ಅವಳ ಓದೇ ಅವಳಿಗೆ ಬೆಟ್ಟದಷ್ಟಿದೆ, ಮನೆಯಲ್ಲಿ ಕೈ ಸಾಲದು, ಇಂಥದ್ದರಲ್ಲಿ ಊರ ಉಸಾಬರಿ ಯಾಕೆ ಎನ್ನುತ್ತಿದ್ದರು. ಗಿರಾಕಿಗಳಿಗೆ ಸುಳ್ಳು ಹೇಳುವುದಕ್ಕಿಂತ ಅದೇ ವಾಸಿ ಎಂದು ಹೆಂಡತಿ ಸೂಜಿಗೆ ದಾರ ಪೋಣಿಸುತ್ತಲೇ ಚುಚ್ಚುತ್ತಿದ್ದರು.

ಒಂದು ಶನಿವಾರ, ಗುಂಡಿ ಹಚ್ಚುವ ಕೆಲಸದಾಕೆ ಜ್ವರದಿಂದ ಮಲಗಿದಳು. ನಾಳೆ ನೀನು ಮನೆಯಲ್ಲೇ ಇರಬೇಕು ಎಂದು ಮಾಸ್ಟರ್ ಮಗಳಿಗೆ ಹೇಳಿದರು. ಪುಟ್ಟಿ ರಾಶಿ ನೋಡಿ ಒಪ್ಪಿದಳು. ಹಾಗಾದರೆ ಆಪರೇಟರ್‌ಗೆ ಈಗಲೇ ತಿಳಿಸುತ್ತೇನೆ ಎಂದು ಫೋನ್ ಕೈಗೆತ್ತಿಕೊಂಡಳು.

“ಈಗ್ಲೇ ಯಾಕೆ ಹೇಳ್ತೀಯ? ಬೇಜಾರು ಮಾಡ್ಕೋತಾನೆ. ನಾಳೆ ಬಂದು ಫೋನ್ ಮಾಡ್ದಾಗ ಇನ್ನೊಂದಿನ ಓದ್ತೀನಿ ಅಂದ್ರಾಯ್ತು. ಬಿಟ್ಟಿ ಕೆಲಸ ತಾನೇ, ಯಾರ ಗಂಟು ಹೋಗುತ್ತೆ?”

ಅಪ್ಪನ ಮಾತು ಮೀರಲಾರದೆ ಪುಟ್ಟಿ ಫೋನ್ ಕೆಳಗಿಟ್ಟಳು. ಭಾನುವಾರ ಆಪರೇಟರ್ ಲೈಬ್ರರಿಗೆ ಬಂದು ಫೋನ್ ಮಾಡಿದಾಗ ಅಪ್ಪ ಹೇಳಿಕೊಟ್ಟಂತೆಯೇ ಹೇಳಿದಳು. ಆಮೇಲೆ ದಿನವಿಡೀ ಮುಖ ಸಪ್ಪಗೆ ಮಾಡಿಕೊಂಡು ಗುಂಡಿ ಹಚ್ಚಿದಳು. ಮಾಸ್ಟರ್ ನೋಡಿಯೂ ನೋಡದವರಂತೆ ಮಿಷನ್ ತುಳಿದರು.

ಮಾರನೇ ದಿನ ಲೈಬ್ರರಿಯ ಮೇಡಂ ಅಂಗಿ ಸಡಿಲ ಮಾಡಿಸಲು ಬಂದರು. ಪುಟ್ಟಿಯನ್ನು ಈ ಕೆಲಸಕ್ಕೆ ಸೇರಿಸಿದವರು ಅವರೇ. ನಿನ್ನೆ ಯಾಕೆ ಬರಲಿಲ್ಲವೆಂದು ವಿಚಾರಿಸಿದರು. ಮಾಸ್ಟರ್ ಮುಚ್ಚುಮರೆಯಿಲ್ಲದೆ ನಡೆದದ್ದನ್ನು ಹೇಳಿ, ಒಂದು ದಿನ ತಪ್ಪಿದರೆ ಏನು ಮುಳುಗಿಹೋಯಿತು ಎಂದು ನಕ್ಕರು.

ಮೇಡಂ ನಗಲಿಲ್ಲ. “ಶುಕ್ರವಾರ ಪರೀಕ್ಷೆ, ಮಾಸ್ಟ್ರೇ. ಕೊನೇ ಪಾಠ ಹಾಗೇ ಉಳಿದಿದೆ. ಇವತ್ತಿಂದ ಅವನಿಗೆ ಸಂಜೆ ಡ್ಯೂಟಿ, ನಿಮ್ಮ ಮಗಳಿಗೆ ಬೆಳಿಗ್ಗೆ ಕಾಲೇಜು. ಯಾವಾಗ ಓದ್ತಾಳೆ?”

“ಬೇರೆ ಯಾರಾದ್ರೂ ಓದ್ಬಹುದಿತ್ತಲ್ಲ?”

“ಇನ್ನೊಬ್ಬಳು ಕೇಳಿಕೊಂಡು ಬಂದಿದ್ದಳು. ನಿಮ್ಮ ಮಗಳು ಇದ್ದಾಳೆ, ಬೇಡಮ್ಮ ಅಂದೆ. ಶನಿವಾರ ಒಂದು ಮಾತು ತಿಳಿಸಿದ್ರೆ ಅವಳನ್ನೇ ಕರೀತಿದ್ದೆ. ನೀವು ಬಿಟ್ಟಿ ಕೆಲಸ ಅಂತೀರಿ, ಅವನು ಅದನ್ನೇ ನಂಬ್ಕೊಂಡು ಎರಡು ಬಸ್ ಬದಲಾಯಿಸಿ ಬಂದಿದ್ದ.”

ಮಾಸ್ಟರ ಕೈಯಲ್ಲಿದ್ದ ಕತ್ತರಿ ನಿಂತಿತು. ಬಟ್ಟೆ ತಡವಾದರೆ ಗಿರಾಕಿ ಹಳೆಯದನ್ನು ಹಾಕಿಕೊಂಡು ಹೋಗಬಹುದು. ಕೇಳದ ಪಾಠವನ್ನು ಆತ ಎಲ್ಲಿಂದ ತಂದು ಬರೆದಾನು? ತಪ್ಪು ಮಗಳದಲ್ಲ, ತಿಳಿಸಬೇಡ ಎಂದು ಬುದ್ಧಿ ಹೇಳಿದವರು ತಾವು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಮೇಡಂ ಎದುರಿಗೇ ಆಪರೇಟರ್‌ಗೆ ಫೋನ್ ಮಾಡಿ, ತಪ್ಪು ನನ್ನದೆಂದು ಒಪ್ಪಿಕೊಂಡರು. ಪುಟ್ಟಿ ಕಾಲೇಜಿಗೆ ಹೋಗುವ ಮೊದಲೇ ಓದುತ್ತಾಳೆ, ಲೈಬ್ರರಿ ಅಷ್ಟು ಬೇಗ ತೆರೆಯುವುದಿಲ್ಲ, ನಾಳೆ ಬೆಳಿಗ್ಗೆ ನಮ್ಮ ಅಂಗಡಿಗೇ ಬಾರಪ್ಪ, ಬಸ್ ನಿಲ್ದಾಣದಲ್ಲಿ ನಾನು ನಿಂತಿರುತ್ತೇನೆ ಎಂದರು.

ನಿಂತೂ ಇದ್ದರು. ಆಪರೇಟರ್‌ನನ್ನು ಕರೆತಂದು, ಬಟ್ಟೆಯ ರಾಶಿ ಸರಿಸಿ ಕುರ್ಚಿಯಲ್ಲಿ ಕೂರಿಸಿದರು. ಪುಟ್ಟಿ ಓದತೊಡಗಿದಳು. ಮಿಷನ್ ಸದ್ದು ರೆಕಾರ್ಡಿಗೆ ಬೀಳುತ್ತದೆಂದು ಮಾಸ್ಟರ್ ಹೊಲಿಗೆಯನ್ನೇ ನಿಲ್ಲಿಸಿದರು. ಹೆಂಡತಿ ಅಡುಗೆಮನೆಯ ಬಾಗಿಲು ಎಳೆದುಕೊಂಡರು.

ಪಾಠ ಮುಗಿಯುವ ಮೊದಲೇ ಕಾಲೇಜಿನ ಹೊತ್ತಾಯಿತು. ಇಷ್ಟೇ ಸಾಕು, ಹೇಗೋ ಬರೆಯುತ್ತೇನೆ ಎಂದು ಆಪರೇಟರ್ ಎದ್ದ.

“ಕೂತ್ಕೋಪ್ಪ,” ಎಂದು ಮಾಸ್ಟರ್ ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು ಕನ್ನಡಕ ಏರಿಸಿದರು. “ನಾನು ತಡವರಿಸ್ತೀನಿ, ಸ್ವಲ್ಪ ಸುಧಾರಿಸ್ಕೋಬೇಕು.”

ಆಪರೇಟರ್ ಫೋನನ್ನು ಅವರ ಕಡೆಗೆ ತಿರುಗಿಸಿಟ್ಟ. ಮಾಸ್ಟರ್ ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಾ ಹೋದರು.

ಓದುತ್ತಿರುವ ಮಕ್ಕಳೇ, ನಿಮ್ಮ ವಾರದಲ್ಲೂ ಒಂದು ಗಂಟೆ ಇದೆ. ನಿಮ್ಮ ಲೈಬ್ರರಿಯಲ್ಲೋ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಅದು ಯಾರಿಗೆ ಬೇಕಾಗಿದೆ ಎಂದು ಕೇಳಿ. ಕೈಲಾಗುವಷ್ಟನ್ನೇ ಒಪ್ಪಿಕೊಳ್ಳಿ, ಒಪ್ಪಿಕೊಂಡದ್ದನ್ನು ತಪ್ಪಿಸಬೇಡಿ. ಬರಲಾಗದಿದ್ದರೆ ಮೊದಲೇ ತಿಳಿಸಿ, ಇನ್ನೊಬ್ಬರಿಗೆ ದಾರಿಯಾಗುತ್ತದೆ. ಅಪ್ಪ ಅಮ್ಮಂದಿರೇ, ಮಕ್ಕಳು ಹಾಗೆ ಹೊರಟಾಗ ತಡೆಯಬೇಡಿ. ಅಲ್ಲಿ ಯಾರೋ ಅವರಿಗಾಗಿ ಕಾಯುತ್ತಿರುತ್ತಾರೆ.